ತಂದೆಯ ಪಾತ್ರೆ, ಮಗನ ಕರಾರು

ನಿಮ್ಮ ಮನೆಯಲ್ಲಿ ಕಂಪ್ಯೂಟರಿನ ಕೆಲಸಕ್ಕೆ ಹೋಗುವ ಮಗನೋ ಮಗಳೋ ಇರಬಹುದು. ರಾತ್ರಿ ಊಟದ ಹೊತ್ತಿನಲ್ಲಿ ಅವರು ‘ಕ್ಲಾಸ್’, ‘ಇಂಟರ್ಫೇಸ್’ ಎಂದು ಮಾತನಾಡುವುದು ನಿಮ್ಮ ಕಿವಿಗೆ ಬಿದ್ದಿರಬಹುದು. ಇದು ನಮಗೆ ತಿಳಿಯತಕ್ಕ ವಿಷಯವಲ್ಲವೆಂದು ನೀವು ಸುಮ್ಮನಾಗಬೇಕಾಗಿಲ್ಲ. ಪಿತ್ರಾರ್ಜಿತವೆಂದರೇನು, ಕರಾರೆಂದರೇನು ಎಂಬುದನ್ನು ಬಲ್ಲವರಿಗೆ ಇದರ ಮರ್ಮವೂ ತಿಳಿಯುತ್ತದೆ.

ಮದುವೆಮನೆಗಳ ಅಡಿಗೆಯನ್ನು ವಹಿಸಿಕೊಳ್ಳುವ ಭಟ್ಟರೊಬ್ಬರನ್ನು ನೆನೆದುಕೊಳ್ಳಿ. ಅವರಲ್ಲಿ ಕೊಪ್ಪರಿಗೆ, ಬಾಣಲೆ, ಹಂಡೆ, ಸೌಟುಗಳಿವೆ. ಅವರ ಮಗ ಹೊಸದಾಗಿ ಒಂದು ಮದುವೆಯ ಗುತ್ತಿಗೆ ಹಿಡಿಯುತ್ತಾನೆ. ‘ಐನೂರು ಎಲೆಗೆ ಸಾಲುವ ಕೊಪ್ಪರಿಗೆ ಇರತಕ್ಕದ್ದು, ಹಂಡೆ ಇರತಕ್ಕದ್ದು’ ಎಂದು ಹೆಣ್ಣಿನ ಕಡೆಯವರು ಕರಾರು ಬರೆಸುತ್ತಾರೆ. ಮಗ ಇವನ್ನೆಲ್ಲ ಹೊಸದಾಗಿ ಕೊಳ್ಳಬೇಕೆ? ಬೇಕಾಗಿಲ್ಲ. ತಂದೆಯಿಂದ ಬಂದದ್ದೂ ಅವನದೇ. ಪಾತ್ರೆ ಇದೆಯೇ ಎಂದಷ್ಟೇ ಕರಾರು ಕೇಳುತ್ತದೆ. ಕೊಂಡವರು ಯಾರೆಂದು ಕೇಳುವುದಿಲ್ಲ. ತಂದೆ ಪಾತ್ರೆ ಕೊಂಡಾಗ ಈ ಕರಾರು ಹುಟ್ಟಿಯೇ ಇರಲಿಲ್ಲವೆಂಬುದೂ ಅಡ್ಡಿಯಲ್ಲ.

ಕಂಪ್ಯೂಟರಿನ ಪ್ರೋಗ್ರಾಮಿನಲ್ಲಿಯೂ ನಡೆಯುವುದು ಇದೇ. ‘ಕ್ಲಾಸ್’ ಎಂದರೆ ಒಂದು ಬಗೆಯ ವಸ್ತುವಿನ ಗುಣಗಳನ್ನೂ ಅದು ಮಾಡಬಲ್ಲ ಕೆಲಸಗಳನ್ನೂ ಒಟ್ಟಿಗೆ ಬರೆದಿಟ್ಟ ವರ್ಗ. ಒಂದು ವರ್ಗದಿಂದ ಇನ್ನೊಂದನ್ನು ಹುಟ್ಟಿಸಬಹುದು. ಆಗ ತಂದೆಯ ಕೆಲಸಗಳು ಮಗನಿಗೆ ತಾವಾಗಿ ಬರುತ್ತವೆ. ನಾರ್ವೆಯ ಓಸ್ಲೋ ನಗರದಲ್ಲಿ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟೆನ್ ನ್ಯೂಗೋರ್ ಎಂಬ ಇಬ್ಬರು ವಿದ್ವಾಂಸರು 1960ರ ದಶಕದಲ್ಲಿ ‘ಸಿಮ್ಯುಲಾ’ ಭಾಷೆಗೆಂದು ರೂಪಿಸಿದ ಉಪಾಯವಿದು. ‘ಇಂಟರ್ಫೇಸ್’ ಎಂಬುದಾದರೋ ಬರಿಯ ಕರಾರುಪತ್ರ. ಇಂತಿಂಥ ಕೆಲಸಗಳನ್ನು ಮಾಡಬಲ್ಲವನಾಗಿರತಕ್ಕದ್ದು ಎಂಬ ಪಟ್ಟಿ ಅದರಲ್ಲಿರುತ್ತದೆ. 1995ರಲ್ಲಿ ಹೊರಬಂದ ಜಾವಾ ಭಾಷೆಯಲ್ಲಿ ಇಂಥ ಕರಾರುಗಳ ಬಳಕೆ ಹೇರಳವಾಗಿದೆ.

ಮಗ ಕರಾರಿಗೆ ಸಹಿ ಹಾಕಿದನೆನ್ನಿ. ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸುವ ‘ಕಂಪೈಲರ್’ ಆಗ ಶಾನುಭೋಗರಂತೆ ಪಟ್ಟಿ ಹಿಡಿದು ಬರುತ್ತದೆ. ಮಗನಲ್ಲಿ ಇಲ್ಲದ ಕೆಲಸವನ್ನು ತಂದೆಯಲ್ಲಿ ಹುಡುಕುತ್ತದೆ. ಕೆಲಸದ ಹೆಸರು ಒಂದೇ ಆಗಿರಬೇಕು. ಕೊಡುವ ಮತ್ತು ಪಡೆಯುವ ಸಾಮಗ್ರಿಯ ಬಗೆ ಹೊಂದಬೇಕು. ಅದು ಎಲ್ಲರಿಗೂ ತೆರೆದ, ಅಂದರೆ ‘ಪಬ್ಲಿಕ್’ ಕೆಲಸವಾಗಿರಬೇಕು. ತಂದೆ ಉಗ್ರಾಣಕ್ಕೆ ಬೀಗ ಹಾಕಿ ಒಳಗಿಟ್ಟ ಪಾತ್ರೆ ಲೆಕ್ಕಕ್ಕೆ ಬಾರದು. 2014ರಿಂದ ಜಾವಾದಲ್ಲಿ ಕರಾರು ಬರೆದವರೇ ಒಂದು ಬದಲಿ ಪಾತ್ರೆಯನ್ನು ಒದಗಿಸುವ ಅವಕಾಶವಿದೆ. ಆದರೂ ತಂದೆಯ ಪಾತ್ರೆ ಇದ್ದಲ್ಲಿ ಅದಕ್ಕೇ ಮನ್ನಣೆ.

ಇಷ್ಟರವರೆಗೆ ಎಲ್ಲವೂ ಲಾಭವೇ. ಒಮ್ಮೆ ಬರೆದದ್ದನ್ನು ಮತ್ತೆ ಬರೆಯುವ ಶ್ರಮ ಉಳಿಯಿತು. ಆದರೆ ಒಂದು ಮಾತು: ಶಾನುಭೋಗರು ಹಂಡೆಯನ್ನು ಎಣಿಸಿದರೇ ಹೊರತು ಅದು ಕುಡಿಯುವ ನೀರಿನ ಹಂಡೆಯೋ ಸ್ನಾನದ ಹಂಡೆಯೋ ಎಂದು ವಿಚಾರಿಸಲಿಲ್ಲ.

ಬ್ಯಾಂಕಿನ ಪ್ರೋಗ್ರಾಮೊಂದನ್ನು ಊಹಿಸಿಕೊಳ್ಳಿ. ಅದರಲ್ಲಿ ‘ಖಾತೆ’ ಎಂಬ ತಂದೆವರ್ಗ. ಅದಕ್ಕೆ ‘ಕ್ಲೋಸ್’ ಎಂಬ ಕೆಲಸ. ಗಿರಾಕಿಯ ಖಾತೆಯನ್ನು ಶಾಶ್ವತವಾಗಿ ಮುಚ್ಚುವುದು ಅದರ ಅರ್ಥ. ಜಾವಾದಲ್ಲಿ 2011ರಿಂದ ‘ಆಟೋಕ್ಲೋಸಬಲ್’ ಎಂಬ ಕರಾರು ಇದೆ. ಅದು ಕೇಳುವುದೂ ‘ಕ್ಲೋಸ್’ ಎಂಬ ಕೆಲಸವನ್ನೇ. ಆದರೆ ಅಲ್ಲಿ ಅದರ ಅರ್ಥ, ತೆಗೆದುಕೊಂಡ ಸಾಧನವನ್ನು ಕೆಲಸ ಮುಗಿದ ಮೇಲೆ ಬಿಟ್ಟುಕೊಡುವುದು. ಈ ಕರಾರಿಗೆ ಸಹಿ ಮಾಡಿದ ವಸ್ತುವನ್ನು ‘ಟ್ರೈ’ ಎಂಬ ಕಟ್ಟಿನ ತಲೆಯಲ್ಲಿ ತೆರೆದರೆ, ಕಟ್ಟು ಮುಗಿದೊಡನೆ ಭಾಷೆಯೇ ‘ಕ್ಲೋಸ್’ ಎಂದು ಕರೆಯುತ್ತದೆ. ‘ಉಳಿತಾಯ ಖಾತೆ’ ಎಂಬ ಮಗವರ್ಗ ಅವಸರದಲ್ಲಿ ಈ ಕರಾರಿಗೆ ಸಹಿ ಹಾಕಿತೆನ್ನಿ. ಹೆಸರು ಹೊಂದಿತು, ಬಗೆ ಹೊಂದಿತು, ಕೆಲಸ ತೆರೆದೇ ಇದೆ. ಕಂಪೈಲರ್ ಚಕಾರವೆತ್ತುವುದಿಲ್ಲ. ವಿಧವೆಯೊಬ್ಬಳು ತನ್ನ ಪಿಂಚಣಿ ಬಂತೇ ಎಂದು ಬಾಕಿ ವಿಚಾರಿಸಲು ಬರುತ್ತಾಳೆ. ವಿಚಾರಣೆ ಮುಗಿಯುತ್ತದೆ, ಅದರೊಂದಿಗೆ ಅವಳ ಖಾತೆಯೂ ಮುಗಿಯುತ್ತದೆ!

ಪರಿಹಾರವೇನು? ಮಗನೇ ‘ಕ್ಲೋಸ್’ ಅನ್ನು ಬೇರೆ ಅರ್ಥದಲ್ಲಿ ತಿದ್ದಿ ಬರೆಯಬಹುದು. ಆದರೆ ಆಗ ನಿಜವಾಗಿ ಖಾತೆ ಮುಚ್ಚಬೇಕೆಂದು ಕರೆದವರಿಗೆ ಮೋಸವಾಗುತ್ತದೆ. ಸಿ ಶಾರ್ಪ್ ಭಾಷೆಯಲ್ಲಿ ಕರಾರಿಗೆಂದೇ ಪ್ರತ್ಯೇಕವಾಗಿ ಒಂದು ಕೆಲಸವನ್ನು ಬರೆದಿಡುವ ಸೌಕರ್ಯವಿದೆ, ಜಾವಾದಲ್ಲಿ ಅದಿಲ್ಲ. ಅಲ್ಲಿ ಖಾತೆಯನ್ನು ತನ್ನೊಳಗೆ ಇಟ್ಟುಕೊಂಡ ಇನ್ನೊಂದು ಸಣ್ಣ ವರ್ಗವನ್ನು ಕಟ್ಟಿ, ಕರಾರಿನ ಸಹಿಯನ್ನು ಅದರಿಂದ ಹಾಕಿಸುವುದೇ ಕ್ಷೇಮ.

ಪಿತ್ರಾರ್ಜಿತವನ್ನು ಬಳಸುವುದರಲ್ಲಿ ತಪ್ಪಿಲ್ಲ, ಬಳಸಲೆಂದೇ ಅದು ಬಂದಿರುವುದು. ಆದರೆ ಸಹಿ ಹಾಕಿದವನು ಮಗ. ಮಾತು ಉಳಿಸಿಕೊಳ್ಳಬೇಕಾದವನೂ ಅವನೇ. ತಂದೆಯ ಪಾತ್ರೆಯನ್ನು ಮದುವೆಮನೆಗೆ ಒಯ್ಯುವ ಮುನ್ನ ಅದರಲ್ಲಿ ಏನು ಕಾಯಿಸುತ್ತಿದ್ದರೆಂದು ಒಮ್ಮೆ ಕೇಳಿ ತಿಳಿಯುವುದು ಒಳ್ಳೆಯದಲ್ಲವೇ?