ಕಡಲಾಚೆಯ ಪೇಟೆಗೆ ದಾರಿ

ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋದವರು ಭೈರಾದೇವಿ ಮಂಟಪದ ಅಧಿಷ್ಠಾನವನ್ನು ಕೊಂಚ ಬಾಗಿ ನೋಡಿದರೆ, ಈ ನಾಡಿನ ಕಾಡುಗಳಲ್ಲಿ ಎಂದೂ ಮೇಯದ ಜಿರಾಫೆಯನ್ನೂ ಚೀನ ದೇಶದ ಡ್ರ್ಯಾಗನನ್ನೂ ಕಲ್ಲಿನಲ್ಲಿ ಕಾಣುವರು. 1430ರಲ್ಲಿ ನಿರ್ಮಾಣಗೊಂಡ ಆ ಬಸದಿಯನ್ನು ಪೋಷಿಸಿದ ವರ್ತಕರ ಸಂಪರ್ಕವು ಸಮುದ್ರದಾಚೆಗೂ ಹಬ್ಬಿತ್ತೆಂಬುದಕ್ಕೆ ಈ ಶಿಲ್ಪಗಳನ್ನೇ ಕುರುಹಾಗಿ ತೋರಿಸುವುದುಂಟು. ಆದಕಾರಣ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಇಂದಿನ ತಂತ್ರಜ್ಞ ಉದ್ಯಮಿಯು ಪರದೇಶದ ಮಾರುಕಟ್ಟೆಯನ್ನು ಬಯಸುವುದು ಈ ಸೀಮೆಯ ಹಳೆಯ ಪರಿಪಾಟಿಯೇ ಆಗಿದೆ.

ಆ ಪರಿಪಾಟಿಯ ಒಳಗುಟ್ಟನ್ನು ಅರಿಯಲು ಮಂಗಳೂರು ಹಂಚಿನ ಚರಿತ್ರೆಯೊಂದೇ ಸಾಕು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ತರುವಾಯ, ಬಂಟ್ವಾಳವನ್ನು ಹಾದುಬರುವ ನೇತ್ರಾವತಿಯ ದಡದ ಜೇಡಿಮಣ್ಣು ಹಂಚಾಗಿ ಬೆಂದು ಸಿಲೋನ್, ಪೂರ್ವ ಆಫ್ರಿಕಗಳ ಮನೆಗಳ ಮಾಡನ್ನು ಏರಿತು. ಇದಕ್ಕೆ ಮಣ್ಣಿನ ಗುಣವೂ ಯಂತ್ರದ ಅಚ್ಚೂ ಎಷ್ಟು ಕಾರಣವೋ, ವ್ಯಾಪಾರದ ಹೊಣೆ ಹೊರಲೆಂದೇ 1859ರಲ್ಲಿ ಸ್ಥಾಪಿತವಾಗಿದ್ದ ಮಿಶನ್ನಿನ ವ್ಯಾಪಾರ ಕಂಪನಿಯೂ ಅಷ್ಟೇ ಕಾರಣ. ಹಂಚು ಮಾಡುವವನು ಭಟ್ಟಿಯ ಮುಂದೆ ನಿಶ್ಚಿಂತನಾಗಿ ನಿಲ್ಲಬಹುದಾಗಿತ್ತು.

ಇಂದಿನ ನಿರ್ಮಾತೃವಿಗೆ ಆ ನಿಶ್ಚಿಂತೆಯಿಲ್ಲ. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕರೊಬ್ಬರು, ಮರವೇರುವ ಆಳುಗಳು ಸಿಗದ ಸಂಕಟದಿಂದಲೇ ಪ್ರೇರಿತರಾಗಿ, ಪೆಟ್ರೋಲ್ ಎಂಜಿನ್ನಿನ ಬಲದಿಂದ ಅಡಿಕೆ ಮರವನ್ನು ಏರುವ ಬೈಕೊಂದನ್ನು ನಿರ್ಮಿಸಿ 2019ರಲ್ಲಿ ದೇಶದ ಗಮನವನ್ನು ಸೆಳೆದರು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಮಳೆಗಾಲದಲ್ಲಿಯೂ ಕೊನೆ ಕೊಯ್ಯುವ ದಿನಗಳಲ್ಲಿಯೂ ತೋಟದವರು ಪಡುವ ಪಾಡನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು. ಅಡಿಕೆಯು ಇಂಡೋನೇಷ್ಯ, ಶ್ರೀಲಂಕಾ, ಮ್ಯಾನ್ಮಾರ್‌ಗಳಲ್ಲಿಯೂ ಬೆಳೆಯುವುದರಿಂದ ಇಂತಹ ಯಂತ್ರಕ್ಕೆ ಅಲ್ಲಿಯೂ ಗಿರಾಕಿಗಳು ಇರಬಲ್ಲರು. ಆದರೆ ಹಾದಿ ಸುಗಮವಲ್ಲ. ಭಾರತದ ಪೇಟೆಂಟ್ ಭಾರತದೊಳಗೆ ಮಾತ್ರ ರಕ್ಷಣೆ ನೀಡತಕ್ಕದ್ದು. ಮೊದಲ ಅರ್ಜಿಯ ದಿನದಿಂದ 12 ತಿಂಗಳೊಳಗೆ ಅಂತರರಾಷ್ಟ್ರೀಯ ಅರ್ಜಿಯನ್ನು ಸಲ್ಲಿಸಿದರೆ, ಯಾವ ಯಾವ ದೇಶಗಳಲ್ಲಿ ಹಕ್ಕು ಬೇಕೆಂದು ನಿರ್ಧರಿಸಲು ಆ ಮೊದಲ ದಿನದಿಂದ ಸಾಮಾನ್ಯವಾಗಿ 30 ತಿಂಗಳ ಅವಕಾಶ ದೊರೆಯುವುದು. ಅರ್ಜಿಗೆ ಮುನ್ನವೇ ಯಂತ್ರವನ್ನು ಜನರೆದುರು ಓಡಿಸಿ ತೋರಿಸಿದರೆ ಅನೇಕ ದೇಶಗಳಲ್ಲಿ ಆ ಹಕ್ಕೇ ಕೈತಪ್ಪುವುದು. ಇದರ ಮೇಲೆ ಆಮದು-ರಫ್ತು ಸಂಕೇತಸಂಖ್ಯೆ, ಆಯಾ ದೇಶದ ಸುರಕ್ಷತಾ ನಿಯಮ, ಬಿಡಿಭಾಗಗಳ ಸರಬರಾಜು, ಗಿರಾಕಿಯು ಹಣ ಕೊಡದೆ ಹೋದಾಗ ನಷ್ಟ ಭರಿಸುವ ಇಸಿಜಿಸಿ ವಿಮೆ, ಇವೆಲ್ಲವನ್ನೂ ತೋಟದ ನಡುವಿನ ಒಬ್ಬ ಮನುಷ್ಯನು ಏಕಾಕಿಯಾಗಿ ಕಲಿಯಬೇಕೆಂದು ಅಪೇಕ್ಷಿಸುವುದು ಅನ್ಯಾಯವೆಂದೇ ನನ್ನ ಭಾವನೆ.

ತಂತ್ರಾಂಶಕ್ಕೇನೋ ಬಂದರು ಬೇಡ. 1996ರಲ್ಲಿ ಉಡುಪಿಯಲ್ಲಿ ಹುಟ್ಟಿದ ರೋಬೋಸಾಫ್ಟ್ ಎಂಬ ತಂತ್ರಾಂಶ ಕಂಪನಿಯು ಅಲ್ಲಿಂದಲೇ ವಿದೇಶದ ಗಿರಾಕಿಗಳಿಗೆ ದುಡಿದು ಬೆಳೆಯಿತೆಂಬುದು ಮಿಜಾರು, ಉಜಿರೆಗಳ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಧೈರ್ಯ ಕೊಡತಕ್ಕ ಸಂಗತಿ.

ಯಂತ್ರ ನಿರ್ಮಿಸುವವರಿಗೆ ಬೇಕಾದ ನೆರವಿಗೂ ಈ ಸೀಮೆಯಲ್ಲೊಂದು ನೆಲೆಯಿದೆ. ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿಯೇ, ಧರ್ಮಸ್ಥಳದ ಶಿಕ್ಷಣ ಟ್ರಸ್ಟು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಡನೆ ಕೂಡಿ, 1982ರಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿತು. ನಿರುದ್ಯೋಗಿ ತರುಣರಿಗೆ ಊಟ, ವಸತಿಗಳೊಡನೆ ಉಚಿತ ತರಬೇತಿಯನ್ನಿತ್ತು, ತರಬೇತಿ ಮುಗಿದ ಮೇಲೂ ಅವರ ಬೆನ್ನಿಗೆ ನಿಲ್ಲುವ ಈ ಪದ್ಧತಿಯನ್ನು ಮಾದರಿಯಾಗಿಟ್ಟುಕೊಂಡು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ಸಂಸ್ಥೆಗಳನ್ನು ತೆರೆದಿವೆ. ಸ್ವಂತ ಉದ್ಯೋಗಕ್ಕೆ ಮೊದಲ ಹೆಜ್ಜೆಯಿಡಿಸಿದ ಇಂತಹ ಸ್ಥಳದಲ್ಲಿ, ಪೇಟೆಂಟ್ ಬಲ್ಲವರೊಬ್ಬರು, ರಫ್ತಿನ ಅನುಭವಸ್ಥರೊಬ್ಬರು, ಬ್ಯಾಂಕಿನ ಅಧಿಕಾರಿಯೊಬ್ಬರು ವಾರಕ್ಕೊಂದು ದಿನ ಕೂಡಿ ಕುಳಿತರೆ ಸಾಕು. ಸಜಿಪದಿಂದ ಬಸ್ಸಿನಲ್ಲಿ ಬಂದ ಕೃಷಿಕನು ತನ್ನ ಯಂತ್ರದ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ಇದನ್ನು ಸುಮಾತ್ರಕ್ಕೆ ಕಳುಹಿಸುವುದು ಹೇಗೆಂದು ತುಳುವಿನಲ್ಲಿಯೇ ಕೇಳಬಹುದು.