ಬೇರಿಂಗ್ ಮನೆಯ ಅಳತೆ: ಸಣ್ಣ ಲೇಥ್ ಶೆಡ್ಡುಗಳ ದೊಡ್ಡ ಸವಾಲು

ಮಲಪ್ರಭಾ ಕಾಲುವೆಯನ್ನೂ ಎರೆಹೊಲವನ್ನೂ ನೆಚ್ಚಿದ ನರಗುಂದ, ರೋಣ ಮತ್ತು ನೇಕಾರಿಕೆಗೆ ಹೆಸರಾದ ಗಜೇಂದ್ರಗಡದಂತಹ ಊರುಗಳಲ್ಲಿ ಮನೆಯ ಹಿತ್ತಿಲ ತಗಡಿನ ಶೆಡ್ಡಿನಲ್ಲಿ ಒಂದೇ ಲೇಥ್ ಇಟ್ಟುಕೊಂಡು ಟ್ರ್ಯಾಕ್ಟರ್, ಪಂಪ್‌ಸೆಟ್, ರಾಶಿ ಯಂತ್ರಗಳ ದುರಸ್ತಿಗೆ ಇಳಿಯುವವರಿಗೆ ಶಾಫ್ಟಿನ ಹೊರಮೈಯನ್ನು ಅಳೆಯುವುದಕ್ಕಿಂತ ಬೋರನ್ನು, ಅಂದರೆ ಒಳಗೆ ಕೊರೆದ ರಂಧ್ರವನ್ನು ಅಳೆಯುವುದೇ ಕಠಿಣ. ಹೊರಮೈಯನ್ನು ಮೈಕ್ರೋಮೀಟರಿನ ಎರಡು ಮುಖಗಳು ನೇರವಾಗಿ ಹಿಡಿಯುತ್ತವೆ. ರಂಧ್ರದಲ್ಲಾದರೋ ಉಪಕರಣವೇ ನಿಜವಾದ ವ್ಯಾಸವನ್ನು ಹುಡುಕಿಕೊಳ್ಳಬೇಕು, ಏಕೆಂದರೆ ಅದು ಅಕ್ಷದ ದಿಕ್ಕಿನಲ್ಲಿ ವಾಲಿದರೆ ಅಳತೆ ಹೆಚ್ಚಾಗಿಯೂ ಅಡ್ಡಕ್ಕೆ ಸರಿದರೆ ಕಡಿಮೆಯಾಗಿಯೂ ಬರುತ್ತದೆ.

ಎಲ್ಲರ ಕೈಯಲ್ಲಿರುವ ವರ್ನಿಯರಿನ ಮೇಲ್ದವಡೆಗಳ ಅಂಚು ಕೊಂಚ ಚಪ್ಪಟೆಯಾಗಿರುವುದರಿಂದ ಅದು ಬಾಗಿದ ಗೋಡೆಗೆ ಪೂರ್ತಿ ತಾಗುವುದಿಲ್ಲ, ಅಂಚು 0.5 ಮಿ.ಮೀ. ಅಗಲವಿದ್ದರೆ 6 ಮಿ.ಮೀ. ರಂಧ್ರ ಸುಮಾರು 0.02 ಮಿ.ಮೀ. ಕಿರಿದಾಗಿ ಕಾಣುತ್ತದೆ. ದೊಡ್ಡ ರಂಧ್ರದಲ್ಲಿ ಈ ದೋಷ ನಗಣ್ಯವಾದರೂ, ಅಳತೆಪಟ್ಟಿಯು ಅಳೆಯುವ ರೇಖೆಯಿಂದ ದೂರವಿರುವುದರಿಂದ ದವಡೆ ವಾಲಿ ಹುಟ್ಟುವ ದೋಷ, ಜರ್ಮನಿಯ ಅರ್ನ್ಸ್ಟ್ ಅಬ್ಬೆ ಎಚ್ಚರಿಸಿದ್ದ ದೋಷ, ಉಳಿದೇ ಇರುತ್ತದೆ.

ಎಲ್ಲೆಡೆ ಸಿಗುವ 6205 ಬೇರಿಂಗನ್ನೇ ನೋಡಬಹುದು. ಅದರ ಹೊರವ್ಯಾಸ 52 ಮಿ.ಮೀ.; ಅದು ಕೂರುವ ಮನೆಯನ್ನು ಎಚ್7 ಎಂಬ ಮಾನಕ ಮಿತಿಗೆ ಕೊರೆಯುವುದಾದರೆ ರಂಧ್ರ 52.00ರಿಂದ 52.03 ಮಿ.ಮೀ. ಒಳಗೇ ನಿಲ್ಲಬೇಕು. ಮನೆ ಸಡಿಲಾದರೆ ಹೊರಉಂಗುರ ತಿರುಗುತ್ತ ಮನೆಯನ್ನೇ ಸವೆಸುತ್ತದೆ, ಬಿಗಿಯಾದರೆ ಗುಂಡುಗಳಿಗಿರುವ ಅವಕಾಶ ಕಿರಿದಾಗಿ ಬೇರಿಂಗ್ ಬಿಸಿಯಾಗುತ್ತದೆ. ಕೇವಲ 0.03 ಮಿ.ಮೀ. ಇರುವ ಈ ಮಿತಿಯನ್ನು, 0.02 ಮಿ.ಮೀ.ಗಿಂತ ಸಣ್ಣದನ್ನು ಓದಲಾರದ ವರ್ನಿಯರಿಗೆ ಒಪ್ಪಿಸುವುದು ಜೂಜಿಗೆ ಸಮ.

ಇಲ್ಲಿ ನೆರವಿಗೆ ಬರುವುದು ಟೆಲಿಸ್ಕೋಪಿಕ್ ಗೇಜ್, ಎಂದರೆ ಸ್ಪ್ರಿಂಗಿನಿಂದ ಹೊರಚಾಚಿ ತಿರುಪಿನಿಂದ ಬಿಗಿಯಾಗುವ ಕಡ್ಡಿ. ಅದನ್ನು ತುಸು ಓರೆಯಾಗಿ ರಂಧ್ರದೊಳಗಿಟ್ಟು, ತಿರುಪನ್ನು ಹಗುರವಾಗಿ ಬಿಗಿದು, ಒಂದೇ ಸಲ ಅಕ್ಷದ ಆಚೆಗೆ ವಾಲಿಸಿದರೆ ಕಡ್ಡಿಗಳು ತಾವಾಗಿಯೇ ಸರಿಯಾದ ವ್ಯಾಸಕ್ಕೆ ಒತ್ತಿಕೊಳ್ಳುತ್ತವೆ. ಬಳಿಕ ಹೊರತೆಗೆದು ಮೈಕ್ರೋಮೀಟರಿನಲ್ಲಿ ಓದಬೇಕು. ಓದಿದ ಅಂಕಿ ಪ್ರತಿಸಲವೂ ಒಂದೇ ಬಂದಾಗ ಮಾತ್ರ ಅದನ್ನು ನಂಬಬಹುದು. ರಂಧ್ರದ ಬಾಯಿ, ನಡು, ತಳಗಳಲ್ಲಿ ಎರಡೆರಡು ದಿಕ್ಕಿಗೆ ಅಳೆಯದೆ ಅದು ಅಂಡಾಕಾರವೋ ಇಳಿಜಾರೋ ತಿಳಿಯುವುದಿಲ್ಲ.

ಒಂದೇ ಅಳತೆಯ ಮನೆ ಮತ್ತೆ ಮತ್ತೆ ಬರುವುದಾದರೆ 52.00 ಮತ್ತು 52.03 ಮಿ.ಮೀ. ಮೆಟ್ಟಿಲಿರುವ ಪ್ಲಗ್ಗನ್ನು ಲೇಥಿನಲ್ಲೇ ತಿರುಗಿಸಿಟ್ಟುಕೊಳ್ಳಬಹುದು: ಸಣ್ಣ ಮೆಟ್ಟಿಲು ಒಳಹೋಗಬೇಕು, ದೊಡ್ಡದು ಹೋಗಬಾರದು. ಒಳಗಿನ ತೊಡಕನ್ನು ಹೊರಮೈಯ ಸುಲಭ ಅಳತೆಗೆ ಬದಲಿಸುವ ಈ ಉಪಾಯಕ್ಕೆ ಕಬ್ಬಿಣದ ತುಂಡಿನಷ್ಟೇ ಖರ್ಚು.

ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ಬಿಸಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಗತಾನೇ ಕೊರೆದ ತುಂಡು ಮೈಕ್ರೋಮೀಟರಿಗಿಂತ 20 ಡಿಗ್ರಿ ಹೆಚ್ಚು ಬಿಸಿಯಿದ್ದರೆ 52 ಮಿ.ಮೀ. ಉಕ್ಕಿನ ರಂಧ್ರ 0.012, ಅಲ್ಯೂಮಿನಿಯಂ ರಂಧ್ರ 0.024 ಮಿ.ಮೀ.ನಷ್ಟು ಹಿಗ್ಗಿರುತ್ತದೆ, ಆರಿದ ಮೇಲೆ ಬೇರಿಂಗ್ ಒಳಹೋಗದಿರುವುದಕ್ಕೆ ಅಷ್ಟೇ ಸಾಕು. ಹೊಸದಾಗಿ ಲೇಥ್ ಹಾಕುವವರು ಥಳಥಳಿಸುವ ಡಿಜಿಟಲ್ ವರ್ನಿಯರಿಗಿಂತ ಮೊದಲು 50–75 ಮಿ.ಮೀ. ಮೈಕ್ರೋಮೀಟರ್ ಹಾಗೂ ಟೆಲಿಸ್ಕೋಪಿಕ್ ಗೇಜುಗಳ ಒಂದು ಸೆಟ್ಟು ಕೊಳ್ಳುವುದೇ ಒಳಿತು.