ಮನೆಯ ವಿದ್ಯುತ್ತಿನಿಂದ ಮೂರು ಫೇಸಿನ ಮೋಟಾರು

ಇಳಕಲ್ಲಿನ ನೇಕಾರನೊಬ್ಬನು ಮನೆಯಲ್ಲಿ ವಿದ್ಯುತ್ ಮಗ್ಗವನ್ನು ಹೂಡಿದನೆನ್ನೋಣ. ಮೋಟಾರು 400 ವೋಲ್ಟಿನ ಮೂರು ಫೇಸಿನದು. ಮನೆಗೆ ಬರುವುದು 230 ವೋಲ್ಟಿನ ಒಂದೇ ಫೇಸು.

ಡ್ರೈವ್ ಎಂಬ ಉಪಕರಣವು ಈ ಪರ್ಯಾಯ ಪ್ರವಾಹವನ್ನು ಸುಮಾರು 325 ವೋಲ್ಟಿನ ಏಕಮುಖ ಪ್ರವಾಹವಾಗಿ ಮಾರ್ಪಡಿಸಿ, ಅದರಿಂದ ಮೂರು ಫೇಸುಗಳನ್ನು ರಚಿಸುತ್ತದೆ. ಆದರೆ ಅವುಗಳ ನಡುವಣ ವೋಲ್ಟೇಜು 230ನ್ನು ಮೀರದು. ‘ಸ್ಟಾರ್’ ಜೋಡಣೆಯಲ್ಲಿ ಪ್ರತಿ ಸುರುಳಿಗೂ 230ರ ಬದಲು 133 ವೋಲ್ಟು ಮಾತ್ರ ದೊರೆಯುವುದು; ತಿರುಗಿಸುವ ಬಲವು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ ಮೂರನೆಯ ಒಂದು ಪಾಲಿಗೆ ಕುಸಿಯುವುದು. ಮಗ್ಗ ನಿಂತು, ಸುರುಳಿ ಸುಟ್ಟೀತು.

ಮೋಟಾರಿನ ಫಲಕದಲ್ಲಿ ‘ಡೆಲ್ಟಾ 230, ಸ್ಟಾರ್ 400’ ಎಂದಿದ್ದರೆ ಅದೇ ಸುರುಳಿಗಳನ್ನು ಡೆಲ್ಟಾ ರೀತಿಯಲ್ಲಿ ಜೋಡಿಸಿದರಾಯಿತು: ಪ್ರತಿಯೊಂದಕ್ಕೂ 230 ವೋಲ್ಟು ದೊರೆತು ಪೂರ್ಣ ಬಲ ಮರಳುವುದು. ಆದರೆ ಮೂರು ಫೇಸುಗಳ ಹೊರೆಯನ್ನು ಒಂದೇ ಫೇಸು ಹೊರಬೇಕಾದುದರಿಂದ, ಮನೆಯ ತಂತಿ, ಫ್ಯೂಜುಗಳು ಆ ಪ್ರವಾಹಕ್ಕೆ ತಕ್ಕವೇ ಎಂಬುದನ್ನು ನಾವು ಮೊದಲು ನೋಡಬೇಕು.